ಡಾಕ್ಟರ್ ಶ್ರೀಕಾಂತರ ಕಂಪ್ಯೂಟರ್ ಕೌದಿ

“ಮೊಮ್ಮಗನ ಕೌದಿ ನಾನ ಮಾಡಾಂವ!”

ಡಾಕ್ಟರ್ ಶ್ರೀಕಾಂತ್ ಕ್ರೋಯ್ಡನ್ನಿನ ತಮ್ಮ ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಹೆಂಡತಿ ನೀರಜಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಚಟಪಟ ಸಿಡಿಯಿತು. ನೀರಜಾ ಸೌಟು ಹಿಡಿದೇ ತಿರುಗಿದಳು.

“ನೀವು? ಕೌದಿ? ಅಂಗಿ ಗುಂಡಿ ಹಚ್ಚಲಿಕ್ಕೆ ಬರೂದಿಲ್ಲ ನಿಮಗ!”

“ಹೊಲಿಯೂದು ಆಮ್ಯಾಲೆ. ಮೊದಲ ಡಿಸೈನ್! ಅದಕ್ಕ ಈಗ ಸಾಫ್ಟ್‌ವೇರ್ ಬಂದದ.”

“ಕೌದಿಗೆ ಸಾಫ್ಟ್‌ವೇರ್ ಅಂತ! ನಮ್ಮವ್ವ ಕೇಳಿದ್ರ ಮ್ಯಾಲಿಂದನ ನಗತಾಳ.”

ಶ್ರೀಕಾಂತರು ನಗಲಿಲ್ಲ. ಧಾರವಾಡದಿಂದ ಬಂದು ಇಲ್ಲಿಯ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಅರಿವಳಿಕೆ ವೈದ್ಯರಾಗಿದ್ದು, ಈಚೆಗಷ್ಟೇ ನಿವೃತ್ತರಾದವರು ಅವರು. ದಕ್ಷಿಣ ಲಂಡನ್ನಿನ ಅರ್ಧ ಜನರನ್ನು ಒಂದಲ್ಲ ಒಂದು ದಿನ ಮಲಗಿಸಿದ ಕೈ ಅದು. ಅಂಥವರಿಗೆ ಸ್ವಂತ ಮೊಮ್ಮಗನನ್ನು ಮಲಗಿಸುವುದು ಯಾವ ದೊಡ್ಡ ಮಾತು! ಮಗಳು ವಿಜೇತಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಂದಿನ ಭಾನುವಾರ, ಗ್ರೀನ್‌ಫರ್ಡ್‌ನ ಅವಳ ಮನೆಯಲ್ಲಿ. ಅಷ್ಟರೊಳಗೆ ಒಂದು ಪುಟ್ಟ ಕೌದಿ. ಇಷ್ಟೇ ತಾನೇ!

ಸಾಫ್ಟ್‌ವೇರ್ ನಿಜಕ್ಕೂ ಮಾಯಾವಿಯಾಗಿತ್ತು. ಬಟ್ಟೆಯ ಫೋಟೊ ತೆಗೆದು ಒಳಗೆ ಬಿಟ್ಟರೆ ಸಾಕು, ತಾನೇ ಚೌಕ ಮಾಡುತ್ತದೆ, ತ್ರಿಕೋನ ಮಾಡುತ್ತದೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂರಬೇಕೆಂದು ತಾನೇ ನಿರ್ಧರಿಸುತ್ತದೆ. ಶ್ರೀಕಾಂತರು ಕಿಟಕಿ ಪರದೆಯ ಫೋಟೊ ತೆಗೆದರು, ಸೋಫಾ ಕವರಿನ ಫೋಟೊ ತೆಗೆದರು, ನೀರಜಾ ಉಟ್ಟ ನೈಟಿಯ ಫೋಟೊ ತೆಗೆಯಲು ಹೋಗಿ ಬೈಸಿಕೊಂಡರು. ಕೊನೆಗೆ ಮೂಡಿದ ವಿನ್ಯಾಸವನ್ನು ಎದೆಯುಬ್ಬಿಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು.

ವಿಜೇತಾಳ ಅತ್ತೆ ಶ್ರೀಲತಾ ಮೈಸೂರಿನವರು. ಕೂಡಲೇ ಅವರ ಧ್ವನಿಸಂದೇಶ ಬಂತು: “ಅದ್ಭುತವಾಗಿದೆ ಡಾಕ್ಟ್ರೇ! ಭಾನುವಾರ ನಮ್ಮ ಕಡೆಯವರೆಲ್ಲಾ ನೋಡೋಕೆ ಕಾಯ್ತಾ ಇರ್ತೀವಿ!”

ಬೀಗರು ಕಾಯುತ್ತಿದ್ದಾರೆ ಎಂದಮೇಲೆ ಮುಗಿಯಿತು. ಇನ್ನು ಹಿಂದೆ ಸರಿಯುವಂತಿಲ್ಲ. ಶ್ರೀಕಾಂತರು ಅಂಗಡಿಯಿಂದ ಗರಿಗರಿ ಹೊಸ ಹತ್ತಿಬಟ್ಟೆ ತಂದು ಟೇಬಲ್ಲಿನ ಮೇಲೆ ಹರವಿದರು. ನೀರಜಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಎಳೆ ಕೂಸಿಗೆ ಇಂಥಾ ಹೊಸ ಅರಿವಿ ಹೊದಿಸ್ತಾರೇನ್ರೀ? ಮೈ ಕೆರೀತದ. ಕೌದಿಗೆ ಹಳೇ ಸೀರಿ ಬೇಕು. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾಗಿರಬೇಕು.”

“ಹಂಗಾರ ಕೊಡು ನಿನ್ನದೊಂದು.”

“ನನ್ನ ಹತ್ರ ಹಳೇ ಸೀರಿ ಒಂದೂ ಇಲ್ಲ,” ಎಂದಳು ನೀರಜಾ, ತುಸು ಬೇಗನೇ. ಹೇಳಿ ಸಿಂಕಿನ ಕಡೆ ತಿರುಗಿಕೊಂಡಳು. ಹಾಗೆ ತಿರುಗಿದ್ದನ್ನು ಶ್ರೀಕಾಂತರು ಆಗಲೇ ಗಮನಿಸಬೇಕಿತ್ತು. ರೋಗಿಯ ರೆಪ್ಪೆ ಅಲುಗಿದರೂ ಗಮನಿಸುತ್ತಿದ್ದ ಮನುಷ್ಯ ಹೆಂಡತಿಯ ಬೆನ್ನನ್ನು ಗಮನಿಸಲಿಲ್ಲ!

ಲಂಡನ್ನಿನಲ್ಲಿ ಹಳೇ ಸೀರೆ ಹುಡುಕುವುದೆಂದರೆ ಏನೆಂದು ಆಗ ತಿಳಿಯಿತು. ಇಲ್ಲಿ ಪ್ರತಿ ಕನ್ನಡದ ಮನೆಯಲ್ಲೂ ಕಪಾಟು ಬಿರಿಯುವಷ್ಟು ಸೀರೆಗಳಿವೆ. ಆದರೆ ದೀಪಾವಳಿಗೊಮ್ಮೆ ರಾಜ್ಯೋತ್ಸವಕ್ಕೊಮ್ಮೆ ಹೊರಬರುವ ಸೀರೆ ಹಳೆಯದಾಗುವುದಾದರೂ ಹೇಗೆ? “ಹಳೇದಾ? ಎರಡು ಸಲ ಉಟ್ಟಿರೋದು ಒಂದಿದೆ, ರೇಷ್ಮೇದು. ಆಗುತ್ತಾ?” ಎಂದು ಕೇಳಿದರು ಗೆಳೆಯ ಲೋಕೇಶರ ಹೆಂಡತಿ ಕಲ್ಯಾಣಿ. ಹತ್ತಿಯ ಸೀರೆಯನ್ನು ಸವೆಯುವ ತನಕ ಉಟ್ಟ ಹೆಂಗಸು ಇಡೀ ಗ್ರೇಟರ್ ಲಂಡನ್ನಿನಲ್ಲಿ ಒಬ್ಬಳೂ ಇರಲಿಲ್ಲ.

ಹೀಗಿರುವಾಗ ಮಂಗಳವಾರ, ನೀರಜಾ ಕೌನ್ಸಿಲ್ ಆಫೀಸಿನ ಕೆಲಸಕ್ಕೆ ಹೋದಮೇಲೆ, ಶ್ರೀಕಾಂತರು ಇಸ್ತ್ರಿ ಹಲಗೆ ಹುಡುಕುತ್ತ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು, ಇದರಲ್ಲೇನಿದೆ ಎಂದು ತೆರೆದರು. ಅದರ ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಸೀರೆ! ಕೆಂಪು ಸೆರಗಿನ ಇಳಕಲ್ ಸೀರೆ. ಬಣ್ಣ ಮಾಸಿದೆ, ಒಂದೆಡೆ ತೇಪೆ ಬಿದ್ದಿದೆ, ಮುಟ್ಟಿದರೆ ಬೆಣ್ಣೆ. ಶ್ರೀಕಾಂತರು ವೈಜ್ಞಾನಿಕವಾಗಿ ಯೋಚಿಸಿದರು. ಬೆಲೆಯುಳ್ಳ ಸೀರೆಗಳು ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ನುಸಿಗುಳಿಗೆಯ ಕಾವಲಿನಲ್ಲಿವೆ. ಇದು ಮಂಚದ ಕೆಳಗೆ ಟವೆಲ್ಲಿನಲ್ಲಿದೆ. ಆದ್ದರಿಂದ ಇದು ಬೇಡವಾದದ್ದು. ನೀರಜಾ ಮರೆತೇಬಿಟ್ಟಿದ್ದಾಳೆ ಪಾಪ!

ಫೋಟೊ ತೆಗೆದರು. ಸಾಫ್ಟ್‌ವೇರ್ ಹಿಗ್ಗಿ ಹೀರೇಕಾಯಿಯಾಗಿ ಸೀರೆಯನ್ನು ಚೌಕಗಳಾಗಿ, ತ್ರಿಕೋನಗಳಾಗಿ ಒಡೆದು ತೋರಿಸಿತು. ಅದು ಹೇಳಿದಂತೆ ಡಾಕ್ಟರ ಕತ್ತರಿ ಕರಕರ ಓಡಿತು. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ತುಂಡುಗಳನ್ನು ಹಾಸಿ, ಫೋಟೊ ತೆಗೆದು, ಮಗಳೊಬ್ಬಳಿಗೇ ಕಳಿಸಿದರು.

ಎರಡೇ ನಿಮಿಷ. ಫೋನು ಬಂತು.

“ಅಪ್ಪಾ, ದಟ್ ರೆಡ್ ಒನ್... ಈಸ್ ದಟ್ ಅಜ್ಜೀಸ್ ಸಾರಿ?”

“ಯಾವ ಅಜ್ಜಿ?”

“ಕಾಶವ್ವ ಅಜ್ಜಿ! ಅಮ್ಮ ಕೀಪ್ಸ್ ಇಟ್ ಅಂಡರ್ ದ ಬೆಡ್. ಶಿ ಸ್ಮೆಲ್ಸ್ ಇಟ್ ವೆನ್ ಶಿ ಈಸ್ ಸ್ಯಾಡ್. ಅಪ್ಪಾ, ಪ್ಲೀಸ್ ಟೆಲ್ ಮಿ ಯು ಡಿಡಂಟ್ ಕಟ್ ಇಟ್!”

ಕಾಶವ್ವ ಶ್ರೀಕಾಂತರ ಅತ್ತೆ. ತೀರಿಕೊಂಡು ಎರಡು ವರ್ಷ. ಊರಿಗೆ ಹೋದಾಗಲೆಲ್ಲ ಇದೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ ಮುದುಕಿ. ಆದರೆ ಯಾವ ಅಳಿಯ ತಾನೇ ಅತ್ತೆಯ ಸೀರೆ ನೋಡುತ್ತಾನೆ! ಈಗ ನೋಡಿದರು. ನೂರೆಂಟು ಚೂರಾಗಿ ನೆಲದ ಮೇಲೆ ಬಿದ್ದಿತ್ತು. ತಾಯಿಯದೆಂದು ನೀರಜಾಳ ಹತ್ತಿರ ಉಳಿದಿದ್ದ ಒಂದೇ ಒಂದು ವಸ್ತು.

“ಅಮ್ಮಗ ಹೇಳಬ್ಯಾಡ,” ಎಂದು ಹೇಳಿ ಫೋನಿಟ್ಟರು.

ಸಾಫ್ಟ್‌ವೇರಿನಲ್ಲಿ ‘ಅನ್‌ಡೂ’ ಒತ್ತಿದರು. ಆಹಾ, ಪರದೆಯ ಮೇಲೆ ಚೂರುಗಳೆಲ್ಲ ಓಡಿಬಂದು ಸೇರಿ ಮತ್ತೆ ಅಖಂಡ ಸೀರೆಯಾಯಿತು! ನೆಲ ನೋಡಿದರು. ಅಲ್ಲಿ ಚೂರು ಚೂರೇ. ಮತ್ತೊಮ್ಮೆ ಒತ್ತಿದರು, ಮತ್ತೊಮ್ಮೆ ನೆಲ ನೋಡಿದರು. ಎಂತೆಂಥ ಆಪರೇಷನ್ನಿನಲ್ಲೂ ಏರದಿದ್ದ ನಾಡಿ ಈಗ ಕುದುರೆಯಂತೆ ಓಡುತ್ತಿತ್ತು. ಚೂರುಗಳನ್ನು ಬಾಚಿ ತಮ್ಮ ಹಳೆಯ ಸ್ಟೆತಾಸ್ಕೋಪ್ ಬ್ಯಾಗಿಗೆ ತುರುಕಿ, ಬ್ಯಾಗನ್ನು ಬೀರುವಿನ ನೆತ್ತಿಗೆ ಏರಿಸಿ, ಕ್ವೀನ್ಸ್‌ಬರಿಗೆ ಓಡಿದರು.

ಅಲ್ಲಿ ಕುಂದಾಪುರದ ವೆಂಕಪ್ಪನವರ ಸೀರೆ ಅಂಗಡಿ. ಇಳಕಲ್ ಇತ್ತು, ಅದೇ ಕೆಂಪು ಸೆರಗು ಇತ್ತು. ಆದರೆ ಥಳಥಳ ಹೊಸದು.

“ಇದರಾಗ ಹಳೇದು ಇಲ್ಲೇನ್ರಿ?”

ವೆಂಕಪ್ಪನವರು ಕನ್ನಡಕದ ಮೇಲಿನಿಂದ ನೋಡಿದರು. “ಡಾಕ್ಟ್ರೇ, ನಾವ್ ಹೊಸ್ತ್ ಮಾರೂದ್. ಹಳತ್ ಮಾಡೂದ್ ನಿಮ್ ಮನೆಯವ್ರ್ ಕೆಲ್ಸ ಅಲ್ದಾ?”

ಇದು ಮನೆಯವರಿಗೆ ಹೇಳುವ ಕೆಲಸವಾಗಿರಲಿಲ್ಲ. ಹೀಗಾಗಿ ಆ ಹೊಸ ಸೀರೆಯನ್ನೇ ಕೊಂಡು ತಂದು, ಕಾಶವ್ವ ಒಂದು ಬಾಳಿನಲ್ಲಿ ಮಾಡಿದ್ದನ್ನು ಅವರ ಅಳಿಯ ಮೂರು ದಿನದಲ್ಲಿ ಮಾಡಲು ಹೊರಟ. ನೀರಜಾ ಅತ್ತ ಟ್ರ್ಯಾಮ್ ಹತ್ತುವುದೇ ತಡ, ಇತ್ತ ವಾಷಿಂಗ್ ಮಷೀನು ಗುಡುಗುಡು! ಒಗೆದರು, ಒಣಗಿಸಿದರು, ಮತ್ತೆ ಒಗೆದರು. ಮರಳುಕಾಗದದಿಂದ ಉಜ್ಜಿದರು. ಬಣ್ಣ ಮಾಸಲೊಲ್ಲದು ಎಂದು ಬಕೆಟ್ಟಿನ ತುಂಬ ಚಹಾ ಡಿಕಾಕ್ಷನ್ ಮಾಡಿ ನೆನೆಹಾಕಿದರು. ಅವಸರದಲ್ಲಿ ತಮ್ಮ ಬಿಳಿ ಅಂಗಿಗಳನ್ನು ಮಷೀನಿನಿಂದ ತೆಗೆಯುವುದನ್ನು ಮರೆತರು.

ಸಂಜೆ ನೀರಜಾ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

“ಏನ್ರೀ ಇದು, ಗುಲಾಬಿ ಅಂಗಿ?”

“ಫ್ಯಾಷನ್.”

“ಬನಿಯನ್ನೂ ಗುಲಾಬಿ ಅದ!”

“ಮ್ಯಾಚಿಂಗ್.”

“ಚಹಾಪುಡಿ ಡಬ್ಬಿ ಯಾಕ ಖಾಲಿ ಆಗೇದ?”

“ರಿಟೈರ್ ಆದಮ್ಯಾಲೆ ಮನಿಶ್ಯಾಗ ಒಂದಿಷ್ಟು ಚಹಾ ಬೇಕಾಗ್ತದಲೇ!”

ನೀರಜಾ ಖಾಲಿ ಡಬ್ಬಿ ಹಿಡಿದು ಒಳಗೆ ಹೋದಳು. ಅವಳು ಮಲಗುವ ಕೋಣೆಯತ್ತ ಹೆಜ್ಜೆಯಿಟ್ಟಾಗಲೆಲ್ಲ ಶ್ರೀಕಾಂತರಿಗೆ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿಸಿದಂತಾಗುತ್ತಿತ್ತು. ಊಟ ಸೇರಲಿಲ್ಲ. ಸಾವಿರಾರು ಜನರಿಗೆ ನಿದ್ದೆ ಹಂಚಿದವರಿಗೆ ಸ್ವಂತಕ್ಕೊಂದು ಚೂರು ಸಿಗಲಿಲ್ಲ. ಶುಕ್ರವಾರ ಮಧ್ಯಾಹ್ನ ಅಂತೂ ಒಂದು ‘ಹಳೇ’ ಸೀರೆ ತಯಾರಾಯಿತು. ತೇಪೆಯನ್ನೂ ಹಚ್ಚಿದರು. ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಸೇರಿಸಿ ಉಸಿರು ಬಿಟ್ಟರು. ಕೌದಿಯ ಮಾತು ಕೇಳಿದರೆ ‘ಕಂಪ್ಯೂಟರ್ ಕೆಟ್ಟಿತು’ ಎನ್ನುವುದು. ಬೀಗರ ಮುಂದೆ ಮರ್ಯಾದೆ ಹೋದರೆ ಹೋಗಲಿ, ಸಂಸಾರ ಉಳಿದರೆ ಸಾಕು.

ಶನಿವಾರ ಬೆಳಿಗ್ಗೆ ನೀರಜಾ ಆ ಟವೆಲ್ಲಿನ ಗಂಟನ್ನೇ ಎದೆಗವಚಿಕೊಂಡು ಬಂದು ಅವರ ಎದುರಿಗೆ ನೆಲದ ಮೇಲೆ ಕುಳಿತಳು.

“ರೀ, ನಾ ನಿಮಗ ಸುಳ್ಳು ಹೇಳಿದೆ,” ಎಂದಳು.

ಸುಳ್ಳು ಹೇಳಿದ್ದು ಇವಳಾ?

“ನನ್ನ ಹತ್ರ ಹಳೇ ಸೀರಿ ಒಂದದ. ಅವ್ವನದು. ಹೋಗೂಕಿಂತ ಮೊದಲ ನನ್ನ ಕೈಯಾಗ ಕೊಟ್ಟು, ಮುಂದ ಹುಟ್ಟೂ ವಿಜೇತಾನ ಕೂಸಿಗೆ ಇದರದ ಕೌದಿ ಮಾಡು ಅಂದಿದ್ಲು. ನನಗ ಕತ್ತರಿ ಹಚ್ಚಲಿಕ್ಕೆ ಮನಸ ಬರಲಿಲ್ಲ. ಅದಕ್ಕ ಇಲ್ಲ ಅಂದೆ. ನಾಲ್ಕು ದಿನದಿಂದ ನೀವು ಊಟ ಬಿಟ್ಟು ಹಳೇ ಸೀರಿ ಹುಡುಕ್ಲಿಕತ್ತೀರಿ. ನೋಡಿ ಕರಳು ಚುರುಕ್ ಅಂತು.”

ಟವೆಲ್ ಬಿಚ್ಚಿದಳು. ಸೀರೆಯಲ್ಲಿ ಮುಖ ಹುದುಗಿಸಿದಳು. ಒಮ್ಮೆ ಮೂಸಿದಳು, ಮತ್ತೊಮ್ಮೆ ಮೂಸಿದಳು. ಆಮೇಲೆ ಮೆಲ್ಲಗೆ ತಲೆಯೆತ್ತಿ, ಸೀರೆಯನ್ನೂ ಕತ್ತರಿಯನ್ನೂ ಗಂಡನ ಮುಂದಿಟ್ಟಳು.

“ನೀವ ಕತ್ತರಸ್ರಿ. ನಿಮ್ಮ ಕೈ ನಡಗೂದಿಲ್ಲ.”

ಶ್ರೀಕಾಂತರು ಕತ್ತರಿ ಎತ್ತಿಕೊಂಡರು. ದಾರಿ ತಾನಾಗಿ ತೆರೆದಿತ್ತು! ಕಣ್ಣುಮುಚ್ಚಿ ಕತ್ತರಿಸಿದರೆ ಸಾಕು, ಇವಳಿಗೆ ಎಂದೆಂದಿಗೂ ಗೊತ್ತಾಗುವುದಿಲ್ಲ. ಮೊಮ್ಮಗ ಇದನ್ನೇ ಹೊದ್ದು ಮಲಗುತ್ತಾನೆ, ಇವಳು ‘ಅವ್ವನ ಸೀರೆ’ ಎಂದು ಸವರುತ್ತಾಳೆ. ಕಾಶವ್ವ ಮಾತ್ರ ಬೀರುವಿನ ಮೇಲೆ ಸ್ಟೆತಾಸ್ಕೋಪ್ ಬ್ಯಾಗಿನಲ್ಲಿ ಉಸಿರುಗಟ್ಟಿ ಬಿದ್ದಿರುತ್ತಾಳೆ. ಕತ್ತರಿಯ ಬಾಯಿ ತೆರೆಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕೈ ಗಡಗಡ ನಡುಗಿತು.

“ನೀರೂ,” ಎಂದರು, ಕತ್ತರಿ ಕೆಳಗಿಟ್ಟು. “ಇದು ಅವ್ವನ ಸೀರಿ ಅಲ್ಲ. ಅವ್ವಂದು ನಾ ಮಂಗಳವಾರನ ಕತ್ತರಿಸಿಬಿಟ್ಟೆ. ಗೊತ್ತಿರಲಿಲ್ಲ ನನಗ. ಇದು ವೆಂಕಪ್ಪನ ಅಂಗಡೀದು. ನಾನ ಹಳೇದು ಮಾಡೀನಿ. ತಪ್ಪಾತು.”

ನೀರಜಾ ಅವರನ್ನೇ ದಿಟ್ಟಿಸಿದಳು.

“ಗೊತ್ತದ,” ಎಂದಳು.

“ಆಂ? ವಿಜೇತಾ ಹೇಳಿದ್ಲೇನು?”

“ಯಾರು ಯಾಕ ಹೇಳಬೇಕು? ಈಗಷ್ಟ ಮೂಸಿ ನೋಡಿದೆನಲ್ಲ. ನಮ್ಮವ್ವ ಜೀವಮಾನದಾಗ ಚಹಾ ಕುಡದಾಕಿ ಅಲ್ಲ!”

“ಮತ್ತ... ಕತ್ತರಸ್ರಿ ಅಂದಿ?”

“ಕತ್ತರಸ್ತೀರೇನು ಅಂತ ನೋಡಿದೆ.” ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗು ತಡೆಯುತ್ತಿತ್ತು. “ಕತ್ತರಿಸಿದ್ರ, ಮುಂದ ನನ್ನ ಕತ್ತರೀಗೆ ನಿಮ್ಮ ಗುಲಾಬಿ ಬನಿಯನ್ ಇತ್ತು. ನೀವು ಅದರೊಳಗ ಇದ್ದಾಗನ. ಈಗ ಎಲ್ಲಿಟ್ಟೀರಿ ಅವ್ವನ್ನ? ತರ್ರಿ ಮೊದಲ.”

ಬ್ಯಾಗು ಇಳಿಯಿತು. ನೀರಜಾ ಒಂದು ತ್ರಿಕೋನ ಎತ್ತಿ ಮೂಗಿಗೆ ಹಿಡಿದಳು, ಈಗ ಅತ್ತೇಬಿಟ್ಟಳು. ಶ್ರೀಕಾಂತರೂ ಕಣ್ಣೊರೆಸಿಕೊಂಡರು, ಗುಲಾಬಿ ತೋಳಿನಿಂದ. ಆಮೇಲೆ ಇಬ್ಬರೂ ಕುಳಿತು ಸಾಫ್ಟ್‌ವೇರ್ ತೋರಿಸಿದಂತೆ ಚೂರುಗಳನ್ನು ಹಾಸಿ ದಿನವಿಡೀ ಹೊಲಿದರು. ಡಾಕ್ಟರ ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ “ಈಗ ಗೊತ್ತಾತಲ್ಲ, ನೀವು ಸೂಜಿ ಚುಚ್ಚಿದಾಗ ಮಂದಿಗೆ ಹೆಂಗಾಗ್ತದ ಅಂತ!” ಎಂದಳು ನೀರಜಾ. ಕೊನೆಯ ಹೊಲಿಗೆಗೆ ಮುಂಚೆ, ಕೌದಿ ಹಸಿದಿರಬಾರದೆಂದು ಕಾಶವ್ವ ಮಾಡುತ್ತಿದ್ದಂತೆ, ಒಂದು ಚೂರು ಹೋಳಿಗೆಯನ್ನು ಒಳಗಿಟ್ಟು ಬಾಯಿ ಮುಚ್ಚಿದಳು.

ಭಾನುವಾರ ಗ್ರೀನ್‌ಫರ್ಡ್‌ನಲ್ಲಿ ತೊಟ್ಟಿಲಿನ ಸುತ್ತ ಜನವೋ ಜನ. ಕೂಸು ಕೌದಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಗಾಢ ನಿದ್ದೆಯಲ್ಲಿತ್ತು. ಅರಿವಳಿಕೆಯ ಹಂಗೇ ಇಲ್ಲದೆ! ಬೀಗರ ಕಡೆಯವರು ಬಾಯಿತುಂಬ ಹೊಗಳಿದರು. ಶ್ರೀಕಾಂತರು ಗಂಟಲು ಸರಿಮಾಡಿಕೊಂಡು, “ಅಂದರ, ಈ ಸಾಫ್ಟ್‌ವೇರಿನ ತತ್ತ್ವ ಏನಪಾ ಅಂದ್ರ...” ಎಂದು ಶುರುಮಾಡಿದರು.

ಆದರೆ ಶ್ರೀಲತಾರ ಕಣ್ಣು ಆಗಲೇ ನೀರಜಾಳ ಮೈಮೇಲಿನ ಸೀರೆಗೆ ಹೋಗಿತ್ತು. “ಎಷ್ಟು ಚೆನ್ನಾಗಿದೆ ಕಣ್ರೀ ಈ ಇಳಕಲ್! ಇಂಥಾ ಹಳೇ ಕಾಲದ ಬಣ್ಣ ಈಗೆಲ್ಲಿ ಸಿಗುತ್ತೆ?”

ನೀರಜಾ ಸೆರಗು ಸರಿಮಾಡಿಕೊಂಡು, ಗುಲಾಬಿ ಅಂಗಿಯಲ್ಲಿ ಬೆವರುತ್ತಿದ್ದ ಗಂಡನ ಕಡೆ ಬೆರಳು ತೋರಿಸಿದಳು.

“ನಮ್ಮ ಮನಿಯವರ ಮಾಡ್ಯಾರ್ರೀ. ರಿಟೈರ್ ಆದಮ್ಯಾಲೆ ಇದ ಕೆಲಸ ಹಿಡದಾರ. ನಿಮ್ಮದೂ ಹೊಸ ಸೀರಿ ಇದ್ರ ಕಳಸ್ರಿ, ಮೂರ ದಿನದಾಗ ಹಳೇದು ಮಾಡಿ ಕೊಡ್ತಾರ. ಚಹಾಪುಡಿ ಮಾತ್ರ ನೀವ ತರಬೇಕು!”