ತಲೆಗೆ ಹಚ್ಚಿದ ಸ್ಕ್ರೂಡ್ರೈವರ್

ನನ್ನ ಸೋದರಮಾವನ ಪಾಲಿಗೆ ಮನುಷ್ಯನ ತಲೆಯೂ ಒಂದು ಮೋಟಾರು! ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೋಟಾರು ನೋಡಿಕೊಳ್ಳುವುದು ಅವರ ಕೆಲಸ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಾನಿಸಿದರೆ ಒಳಗಿನ ಬೇನೆ ಕೇಳಿಸುತ್ತದಂತೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೆ? ನೆಂಟರ ತಲೆಗೂ ಒತ್ತುತ್ತಿದ್ದರು!

ಶಿವಮೊಗ್ಗದ ಕೋಟೆಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ಹುಡುಗ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವನ ನೆತ್ತಿಗೂ ಸ್ಕ್ರೂಡ್ರೈವರ್ ಇಳಿಯಿತು.

"ಮೋಟಾರು ಒಳ್ಳೇದೇ. ಆದ್ರೆ ಲೋಡೇ ಇಲ್ಲ, ಸುಮ್ನೆ ತಿರುಗ್ತಿದೆ!"

ಹುಡುಗನ ಕಡೆಯವರು ಕಾಫಿಗೂ ಕಾಯಲಿಲ್ಲ. ಅಮ್ಮ ಅತ್ತಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ನಕ್ಕೆ.

ಅಂಥ ಮಾವ ಮಾತು ಬಿಟ್ಟಿದ್ದಾರೆಂದು ಸುದ್ದಿ ಬಂದಾಗ, ಇದೂ ಒಂದು ವೇಷವಿರಬೇಕೆಂದೇ ರೈಲು ಹತ್ತಿದೆ. ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ಕಾರ್ಖಾನೆಯ ಸೈರನ್ನಿಗೂ ಕತ್ತು ತಿರುಗಲಿಲ್ಲ. ತರಕಾರಿ ಹೆಚ್ಚಲು ಈಳಿಗೆ ಹುಡುಕಿದೆ, ಸಿಗಲಿಲ್ಲ. ಬಾವಿಯ ಹಗ್ಗವೂ ಇಲ್ಲ.

"ಎಲ್ಲಾ ಬಚ್ಚಿಟ್ಟಿದೀನಿ ಕಣೆ," ಅತ್ತೆ ಪಿಸುಗುಟ್ಟಿದರು. "ಸ್ಕ್ರೂಡ್ರೈವರನ್ನೂ."

ನಗಲು ಬಂದವಳು ನಾನು!

ಮನೆಗೆ ಬಂದ ಡಾಕ್ಟರು, "ಇದು ಖಿನ್ನತೆ. ಹುಚ್ಚಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ, ತಲೆಗೆ ತಂತಿ ಹಚ್ಚಿ ನೋಡ್ತಾರೆ," ಎಂದರು.

ಮಾವ ಬೆಚ್ಚಿದರು. "ನನ್ನ ತಲೆಗೆ ಕರೆಂಟು ಕೊಡ್ತಾರಾ?" ಕರೆಂಟೆಂದರೇನೆಂದು ಅವರಷ್ಟು ಬಲ್ಲವರು ಯಾರು?

"ಈ ತಂತಿ ಏನೂ ಕೊಡಲ್ಲ ಮಾರಾಯ್ರೆ. ಮೆದುಳಲ್ಲಿ ಹುಟ್ಟೋ ಕರೆಂಟನ್ನ ಕೇಳಿಸ್ಕೊಳ್ಳತ್ತೆ, ಅಷ್ಟೆ. ಚಿಕಿತ್ಸೆ ಏನಂತ ಆಮೇಲೆ ಹೇಳ್ತಾರೆ."

"ಕೇಳಿಸ್ಕೊಳ್ಳತ್ತಾ?" ಮಾವ ನನ್ನತ್ತ ತಿರುಗಿದರು. "ಹಾಗಾದ್ರೆ ಮೊದ್ಲು ನೀನು ಕೇಳು. ಇನ್ನೂ ಓಡ್ತಿದ್ರೆ ಹೋಗ್ತೀನಿ. ನಿಂತಿದ್ರೆ ಯಾಕೆ ಹೋಗೋದು?"

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಅತ್ತೆ ಅಕ್ಕಿಯ ಡಬ್ಬಕ್ಕೆ ಮೊಣಕೈವರೆಗೂ ಕೈಯಿಳಿಸಿ ಸ್ಕ್ರೂಡ್ರೈವರ್ ತೆಗೆದರು. ನಾನು ಅದರ ತುದಿಯನ್ನು ಮಾವನ ನರೆಗೂದಲಿಗೆ ತಾಗಿಸಿ, ಹಿಡಿಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ.

"ಕೈ ನಡುಗಿಸ್ಬೇಡ ಮಾರಾಯ್ತಿ, ಶಬ್ದ ಸಿಗಲ್ಲ!"

ಎಷ್ಟು ದಿನಗಳ ಮೇಲೆ ಬೈದಿದ್ದರೋ, ಅತ್ತೆ ಸೆರಗು ಬಾಯಿಗೊತ್ತಿಕೊಂಡರು.

"ನಿಂತು ಹೋಗಿದೆ, ಅಲ್ವಾ?" ಮಾವ ಮೆಲ್ಲಗೆ ಕೇಳಿದರು.

"ಇಲ್ಲ ಮಾವ. ಓಡ್ತಿದೆ. ಲೋಡು ಜಾಸ್ತಿಯಾಗಿದೆ, ಅಷ್ಟೆ."

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಅವರಿಗೆ ತಿಳಿಯದಿರುತ್ತದೆಯೆ? ಆದರೂ ಅತ್ತೆಯ ಕಡೆ ತಿರುಗಿ ಕೇಳಿದರು:

"ನನ್ನ ಬಿಳಿ ಅಂಗಿ ಎಲ್ಲೇ?"