ಮಂತ್ರಿಗಳು ವಿಚಾರಿಸಿದ ಎಮ್ಮೆ

ಮಂತ್ರಿಗಳ ಸವಾರಿ ಬಂತೆಂದರೆ ನಮ್ಮ ಬಂಗಲೆಯಲ್ಲಿ ಏನಾದರೊಂದು ನಗೆಪಾಟಲು ಆಗದೆ ಹೋದದ್ದಿಲ್ಲ. ನಾನು ಹೊಳೆನರಸೀಪುರದ ಸರ್ಕಾರಿ ಬಂಗಲೆಯ ಮೇಟಿ. ಕಸ ಗುಡಿಸುವುದು, ಹಂಡೆಗೆ ಉರಿ ಹಾಕುವುದು, ತಟ್ಟೆ ಲೋಟ ಎತ್ತುವುದು. ಓದು ಅಷ್ಟಕ್ಕಷ್ಟೆ. ಕಂಡದ್ದನ್ನು ಸಂಜೆ ಹಿತ್ತಿಲ ಮನೆಯಲ್ಲಿ ಹೆಂಡತಿಗೆ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. ಈಗ ಕೇಳುವವರಿಲ್ಲ. ಅದಕ್ಕೆ ಬರೆದಿದ್ದೇನೆ.

ಸಪ್ಪೆ ಕಾಫಿ

ಯುದ್ಧದ ಕಾಲ. ಸಕ್ಕರೆಗೆ ಕಂಟ್ರೋಲು. ಮಂತ್ರಿಗಳಿಗೆ ಸಕ್ಕರೆ ಕಾಯಿಲೆ, ಕಾಫಿ ಸಪ್ಪೆಯೇ ಕುಡಿಯುತ್ತಿದ್ದರು. ನಮ್ಮ ತಾಲ್ಲೂಕಿಗೆಲ್ಲ ದೊಡ್ಡವರಾದ ಅಮಲ್ದಾರರು ಅದನ್ನು ನೋಡಿದರು. ನಾನು ಅವರ ಲೋಟಕ್ಕೆ ಸಕ್ಕರೆ ಹಾಕಹೋದೆ.

"ಬೇಡವೋ. ನನಗೂ ಸಪ್ಪೆಯೇ ಸೇರೋದು."

ಅವರ ಕೈಕೆಳಗಿನ ಶೇಕದಾರನಿಗೂ ಸಪ್ಪೆಯೇ ಸೇರಿತು. ಆಸ್ಪತ್ರೆ ಡಾಕ್ಟರಿಗೂ ಸೇರಿತು. ಕೊನೆಯಲ್ಲಿ ನಿಂತಿದ್ದ ದನದ ಡಾಕ್ಟರು ಮಾತ್ರ, "ನನಗೆ ಎರಡು ಚಮಚ ಹಾಕಪ್ಪ" ಅಂದರು. ಎಲ್ಲರೂ ಅವರನ್ನು ದನ ನೋಡಿದಂತೆ ನೋಡಿದರು.

ಮಂತ್ರಿಗಳು ಕಾರು ಹತ್ತಿದ್ದೇ ತಡ, ಅಮಲ್ದಾರರು ಅಡಿಗೆ ಮನೆಗೆ ಬಂದು ಒಂದು ಹಿಡಿ ಸಕ್ಕರೆ ಬಾಯಿಗೆ ಸುರಿದುಕೊಂಡರು.

ಹೆಂಡತಿಗೆ ಹೇಳಿದೆ. ನಕ್ಕು ನಕ್ಕು ಕೆಮ್ಮು ಹತ್ತಿತು. ನಗು ನಿಂತಿತು. ಕೆಮ್ಮು ನಿಲ್ಲಲಿಲ್ಲ.

ಕೆಮ್ಮಿದ್ದು ಯಾರು

ಮಂತ್ರಿಗಳು ಬಂಗಲೆಯಲ್ಲಿ ಇರುವಷ್ಟು ಹೊತ್ತೂ ತಾಲ್ಲೂಕಿನ ಅಧಿಕಾರಿಗಳೆಲ್ಲ ಜಗಲಿ ಮೇಲೆ ಸಾಲಾಗಿ ನಿಲ್ಲಬೇಕು. ಡಾಕ್ಟರೂ ನಿಲ್ಲಬೇಕು. ಹಾಗಾಗಿ ಅವತ್ತು ಆಸ್ಪತ್ರೆಗೆ ಬೀಗ.

ಮುಂದಿನ ಸವಾರಿಯ ಹೊತ್ತಿಗೆ ಹೆಂಡತಿಗೆ ಮೈ ಸುಡುತ್ತಿತ್ತು. ಸಾಲಿನ ಹಿಂದಿನಿಂದ ಹೋಗಿ ಡಾಕ್ಟರ ಕೋಟು ಜಗ್ಗಿದೆ.

"ಸಾ, ಇಲ್ಲೇ ಇತ್ಲಲ್ಲಿ. ಒಂದ್ಗಳಿಗೆ ಬಂದ್ಬುಡಿ ಸಾ."

"ಅಲ್ಲಾಡೋ ಹಾಗಿಲ್ಲ ಕಣೋ. ಸುಮ್ನೆ ಹೋಗು."

ಅಷ್ಟರಲ್ಲಿ ಹಿತ್ತಿಲಿಂದ ಕೆಮ್ಮು ಕೇಳಿತು. ಮಂತ್ರಿಗಳು ತಲೆ ಎತ್ತಿದರು. "ಏನದು?"

ಬಂಗಲೆಯಲ್ಲಿ ಕಾಯಿಲೆಯವರು ಇದ್ದಾರೆಂದರೆ ಅಮಲ್ದಾರರ ಕೆಲಸಕ್ಕೇ ಕುತ್ತು. "ಮೇಟಿಯ ಎಮ್ಮೆ, ಸ್ವಾಮಿ" ಅಂದರು.

"ಪಾಪ, ಮೂಕಪ್ರಾಣಿ. ದನದ ಡಾಕ್ಟರು ಇಲ್ಲವೇನ್ರಿ?"

"ಇದಾರೆ ಸ್ವಾಮಿ, ಇಲ್ಲೇ ನಿಂತಿದಾರೆ."

"ಇಲ್ಲಿ ನಿಂತು ಏನು ಮಾಡ್ತಾರೆ? ಹೋಗಿ ನೋಡಲಿ!"

ಜನರ ಡಾಕ್ಟರು ನಿಂತೇ ಇದ್ದರು. ದನದ ಡಾಕ್ಟರು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದರು.

"ಎಮ್ಮೆ ಎಲ್ಲಯ್ಯ?"

"ಇವ್ಳೇ ಸಾ."

ಚೀಲ ಕೆಳಗಿಟ್ಟರು. ಆಮೇಲೆ ಕೂತು ನಾಡಿ ಹಿಡಿದರು. ಎದೆಗೆ ಕಿವಿ ಕೊಟ್ಟರು. ತಮ್ಮ ಮನೆಯಿಂದಲೇ ಔಷಧಿ ತರಿಸಿ ಕುಡಿಸಿದರು. ಅವಳು ಆ ಜ್ವರದಲ್ಲೂ ತಮಾಷೆ ಬಿಡಲಿಲ್ಲ.

"ಸಾ, ಇಂಡಿ ಬೂಸಾನೂ ಬರ್ಕೊಡಿ. ಸರ್ಕಾರದಿಂದ ಬತ್ತದೆ."

ನಾಲ್ಕು ಸೇರು ಹಾಲು

ಅವಳು ಎದ್ದಳು. ಮಳೆಗಾಲ ಕಳೆದು ಮಂತ್ರಿಗಳು ಮತ್ತೆ ಬಂದರು. ಕಾರಿಳಿಯುತ್ತಲೇ ಕೇಳಿದರು. "ಆ ಎಮ್ಮೆ ಹೇಗಿದೆ?"

"ಸುಖವಾಗಿದೆ, ಸ್ವಾಮಿ."

"ಸಂಜೆ ನೋಡೋಣ."

ಅಮಲ್ದಾರರು ಎಮ್ಮೆ ಹುಡುಕಲು ಶೇಕದಾರನನ್ನು ಓಡಿಸಿದರು. ಅವನು ಹಳ್ಳಿಮೈಸೂರಿನ ದಾರಿಯಲ್ಲಿ ಸಿಕ್ಕಿದ್ದನ್ನು ಹೊಡೆದುಕೊಂಡು ಬಂದ. ತಂದು ನನ್ನ ಬಾಗಿಲಿಗೆ ಕಟ್ಟಿದ ಮೇಲೆ ನೋಡಿದರೆ ಕೋಣ! ಬದಲಾಯಿಸಲು ಹೊತ್ತಿಲ್ಲ. ಮಂತ್ರಿಗಳು ಬಂದೇ ಬಿಟ್ಟರು.

"ಭೇಷ್. ಎಷ್ಟು ಹಾಲು ಕೊಡುತ್ತೆ?"

"ನಾಲ್ಕು ಸೇರು, ಸ್ವಾಮಿ" ಎಂದರು ಅಮಲ್ದಾರರು. ಸಾಲಿಗೆ ಸಾಲೇ ತಲೆಯಾಡಿಸಿತು. ದನದ ಡಾಕ್ಟರು ಆಕಾಶ ನೋಡಿದರು.

ಬಾಗಿಲ ಸಂದಿಯಲ್ಲಿ ಹೆಂಡತಿ ಸೆರಗು ಕಚ್ಚಿಕೊಂಡಿದ್ದಳು. ಆಮೇಲೆ ಅಂದಳು, "ಎಮ್ಮೆ ಮಾಡಿದ್ರು, ಓಗ್ಲಿ ಅಂದೆ. ಈಗ ಗಂಡ್ಸೂ ಮಾಡ್ಬುಟ್ರಲ್ಲ ಕಣ!"

ತಲೆಯಾಡಿಸದ ತಪ್ಪಿಗೆ ದನದ ಡಾಕ್ಟರಿಗೆ ಚನ್ನರಾಯಪಟ್ಟಣದ ಆಚೆ, ಬಾಗೂರಿಗೆ ವರ್ಗವಾಯಿತು.

ಅಪ್ಪಣೆ

ಕೆಮ್ಮು ಮತ್ತೆ ಬಂತು. ಈ ಸಲ ರಕ್ತ ಬಿತ್ತು. ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಬೀಗ. ಮಂತ್ರಿಗಳು ಅರಕಲಗೂಡಿನಲ್ಲಿ ಮೊಕ್ಕಾಂ, ನಮ್ಮ ಡಾಕ್ಟರನ್ನೂ ಅಲ್ಲಿಯ ಸಾಲಿಗೆ ಕರೆಸಿಕೊಂಡಿದ್ದಾರೆ ಅಂದ ಜವಾನ. ಹಾಸನಕ್ಕೆ ಹೊಡೆಯೋಣವೆಂದು ಗಾಡಿ ತಿರುಗಿಸಿದೆ. ಅವಳು ನನ್ನ ತೋಳು ಹಿಡಿದಳು.

"ಎಮ್ಮೆಗೆ ಉಸಾರಿಲ್ಲ ಅಂತ ಯೋಳಿ. ಯಾರಾದ್ರೂ ಬತ್ತಾರೆ."

ನಾನು ನಕ್ಕೆ. ಅವಳು ಹಾಸನ ಮುಟ್ಟಲಿಲ್ಲ.

ಮೂರನೇ ದಿನದ ಹಾಲುತುಪ್ಪ ಮುಗಿದಿತ್ತು. ಅಮಲ್ದಾರರಿಗೂ ಗೊತ್ತಿತ್ತು, ಮಣ್ಣಿಗೆ ಅಂತ ಒಂದು ದಿನ ರಜೆ ಅವರೇ ಕೊಟ್ಟದ್ದು. ಮಂತ್ರಿಗಳು ಅರಕಲಗೂಡು ಮುಗಿಸಿ ನಮ್ಮ ಬಂಗಲೆಗೆ ಬಂದರು. ಜಗಲಿ ಮೇಲೆ ಅದೇ ಸಾಲು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಎಮ್ಮೆ ಹೇಗಿದೆ?"

"ಸುಖವಾಗಿದೆ, ಸ್ವಾಮಿ" ಅಂದರು ಅಮಲ್ದಾರರು. ಡಾಕ್ಟರೂ ತಲೆಯಾಡಿಸಿದರು.

ಯಾವತ್ತೂ ಇಲ್ಲದ್ದು, ಮಂತ್ರಿಗಳು ನನ್ನ ಕಡೆ ತಿರುಗಿದರು. "ಹೌದೇನಪ್ಪ?"

ಅಮಲ್ದಾರರು ಕಣ್ಣು ಬಿಟ್ಟರು. ನಾನು ತಟ್ಟೆ ಕೆಳಗಿಟ್ಟೆ.

"ಸತ್ತೋದ್ಲು, ಸಾಮಿ."

ಮಂತ್ರಿಗಳು ಲೊಚಗುಟ್ಟಿದರು. ನಿಜವಾಗಿಯೂ ನೊಂದುಕೊಂಡರು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅವಳಿಗಾಗಿ ಆ ಬಂಗಲೆಯಲ್ಲಿ ಕಣ್ಣು ತೇವ ಮಾಡಿಕೊಂಡ ದೊಡ್ಡವರು ಅವರೊಬ್ಬರೇ.

"ಪಾಪ, ಬಡವ. ಇವನಿಗೆ ಇನ್ನೊಂದು ಕೊಡಿಸ್ರಿ."

"ಅಪ್ಪಣೆ, ಸ್ವಾಮಿ" ಅಂದರು ಅಮಲ್ದಾರರು.

ಸಂಜೆಗೆ ಶೇಕದಾರ ಒಂದು ಎಮ್ಮೆ ಹೊಡೆದುಕೊಂಡು ಬಂದು ನನ್ನ ಬಾಗಿಲಿಗೆ ಕಟ್ಟಿದ. ಈ ಸಲ ಬಗ್ಗಿ ನೋಡಿಯೇ ತಂದಿದ್ದ.