ಹೊಗೆಯಿಲ್ಲದ ಒಲೆಗೆ ಹೊಗೆಯ ಸಾಕ್ಷಿ

ಸರ್ಕಾರಿ ಅರ್ಜಿ ತುಂಬುವುದರಲ್ಲಿ ತಾಳವಾಡಿಯ ಈ ಗುಡ್ಡಗಳಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ಕಾಲದಿಂದ ಇದೆ. ಊರು ಸೇರಿರುವುದು ತಮಿಳುನಾಡಿಗೆ; ನಾವು ಆಡುವುದು ಕನ್ನಡ, ಅರ್ಜಿ ಇರುವುದು ತಮಿಳಿನಲ್ಲಿ. ಎರಡರ ನಡುವೆ ಸಿಕ್ಕಿಬಿದ್ದ ನಮ್ಮೂರು ತಿಗನಾರೆಯ ಜನ ಶಾಲೆಯ ಗುಮಾಸ್ತನಾದ ನನ್ನ ಬಳಿಗೇ ಬರುತ್ತಾರೆ. ಪಿಂಚಣಿ, ಪಟ್ಟಾ, ಆನೆ ತುಳಿದ ಜೋಳದ ಪರಿಹಾರ, ಯಾವುದಾದರೂ ಸರಿ, ನನ್ನ ಪೆನ್ನು ತಡವರಿಸುವುದಿಲ್ಲ. ಇಂಥ ಬುದ್ಧಿವಂತನ ಕಣ್ಣಿಗೆ, ಹೆತ್ತ ತಾಯಿ ಕೆಮ್ಮಿ ಕೆಮ್ಮಿ ಸೊರಗುತ್ತಿದ್ದುದು ಬಿದ್ದದ್ದು ಬಹಳ ತಡವಾಗಿ.

ಮನೆಯಲ್ಲಿ ನಾವಿಬ್ಬರೇ. ಊರಿನವರ ಅರ್ಜಿ ತುಂಬುವ ಭರದಲ್ಲಿ ಮದುವೆಯಾಗುವುದು ಹಾಗೇ ಉಳಿದುಹೋಯಿತು. ಹಾಸನೂರಿನ ಡಾಕ್ಟರು ಅವ್ವನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, "ಶ್ವಾಸಕೋಶ ಅರ್ಧ ಹೋಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಹೊಗೆ ನಿಲ್ಲಬೇಕು" ಎಂದರು. ಗ್ಯಾಸ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಸಿಲಿಂಡರು ಖಾಲಿಯಾದ ದಿನದಿಂದ ಅದರ ಮೇಲೆ ಮಡಿಸಿದ ಬಟ್ಟೆ ಇಡುತ್ತೇವೆ. ಅಷ್ಟರಲ್ಲಿ, ಹೊಗೆಯಿಲ್ಲದ ಸೌದೆ ಒಲೆ ಕೊಂಡರೆ ಅರ್ಧ ಬೆಲೆ ಸರ್ಕಾರವೇ ಕೊಡುತ್ತದೆ ಎಂಬ ಸುದ್ದಿ ಬಂತು. ತಮಿಳಿನಲ್ಲಿ ಮಾನಿಯಂ, ನಮ್ಮ ಬಾಯಲ್ಲಿ ಸಬ್ಸಿಡಿ. ಹಳೆಯ ಒಲೆ ಒಡೆದಿರಬೇಕೆಂದು ಯಾರೋ ಅಂದರು. ಅರ್ಜಿ ಹಾಕಿದ ದಿನವೇ ಹಾರೆ ಹಿಡಿದು ಅವ್ವನ ಮಣ್ಣಿನ ಒಲೆಯನ್ನು ಪುಡಿಮಾಡಿದೆ.

ನಮ್ಮಲ್ಲಿ ಅಡುಗೆಮನೆಯ ಸೂರಿನ ಮೇಲೆ ಹೊಗೆ ಕಾಣದಿದ್ದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಸಾವಿನ ಮನೆಗೆ ಅನ್ನ ಒಯ್ಯುವುದು ನೆರೆಯವರ ಪಾಲಿನ ಕೆಲಸ. ಒಂದು ದಿನ ಟೀ ಅಂಗಡಿಯ ಬನ್ನು ತಿಂದು ಕಳೆದೆವು. ಎರಡನೆಯ ದಿನ ಪಕ್ಕದ ಮನೆಯ ಮಾದಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, ಮುದ್ದೆ ಸಾರು ಹಿಡಿದು ಬಂದಳು. ಬಾಗಿಲು ತೆರೆದವಳು ಅವ್ವನೇ.

"ಅಯ್ಯೋ ಸಿವನೇ, ನೀ ಇದ್ದೀಯಕ್ಕಾ?"

"ಇವ್ನಿ ಕಣೆ. ಒಲೆ ಓಯ್ತು, ಅಷ್ಟೆ. ಎಂಗೂ ತಂದಿದ್ದೀಯಲ್ಲ, ಮುದ್ದೆ ಬುಟ್ಟೋಗು."

ನಾನು ನಕ್ಕೆ. ಆ ನಗು ಪರಿಶೀಲನೆಗೆ ಅಧಿಕಾರಿ ಬರುವವರೆಗೆ ಮಾತ್ರ. ಒಲೆ ಎಲ್ಲಿ ಎಂದರು. ಒಡೆದೆ ಎಂದೆ. "ಹೊಗೆಯೇ ಇಲ್ಲದ ಮನೆಗೆ ಹೊಗೆಯಿಲ್ಲದ ಒಲೆ ಯಾಕಪ್ಪಾ?" ಎಂದು ತಮಿಳಿನಲ್ಲಿ ಕೇಳಿದರು. ನಾನು ಎರಡು ಭಾಷೆಯಲ್ಲೂ ಬೇಡಿಕೊಂಡೆ. ಮನೆಯೊಡತಿ ಹಳೆಯ ಒಲೆ ಉರಿಸುತ್ತಿರುವ ಫೋಟೊ ಕಳಿಸಿದರೆ ನೋಡೋಣ ಎಂದು ಹೊರಟರು.

ಮೂರು ಕಲ್ಲಿಟ್ಟು ಹಸಿ ಸೌದೆ ತುಂಬಿದೆ. ಅವ್ವನನ್ನು ಮುಂದೆ ಕೂರಿಸಿ ಮೊಬೈಲು ಹಿಡಿದೆ. ಹೊಗೆ ಫೋಟೊದಲ್ಲಿ ಬೀಳಲಿಲ್ಲ. "ಇನ್ನೊಸಿ ಊದವ್ವ" ಎಂದೆ. ಊದಿದಳು. ಸಾಲದು, ಇನ್ನೊಮ್ಮೆ ಎಂದೆ. ಆಗಲೂ ಊದಿದಳು, ಕೆಮ್ಮು ಹತ್ತಿ ಗೋಡೆ ಹಿಡಿದು ಕುಸಿದಳು. ಫೋಟೊ ಚೆನ್ನಾಗಿ ಬಂದಿತ್ತು. ಅದನ್ನು ನೋಡಿ ನನಗೆ ಖುಷಿಯೂ ಆಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಒಲೆ ಬಂತು. ಸುಳ್ಳು ಹೇಳಬಾರದು, ಹೊಗೆ ಇಲ್ಲವೇ ಇಲ್ಲ. ಆದರೆ ತಿಂಗಳೆರಡು ಕಳೆದರೂ ಕೆಮ್ಮು ಹೆಚ್ಚುತ್ತಲೇ ಹೋಯಿತು. ಬೆಳಗಿನ ಮೊದಲ ಬಸ್ಸಿಗೆ ಮತ್ತೆ ಹಾಸನೂರು. "ಇನ್ನೂ ಹೊಗೆ ಕುಡೀತಾರಾ?" ಎಂದು ಡಾಕ್ಟರು ಗದರಿದರು. ನಾನು ಎದೆಯುಬ್ಬಿಸಿ ಹೊಸ ಒಲೆಯ ಕಾಗದ ಮುಂದಿಟ್ಟೆ.

"ಅಡುಗೆ ಒಲೆ ಅಲ್ಲ ಡಾಕುಟ್ರೇ," ಎಂದು ಅವ್ವ ಏದುಸಿರಿನಲ್ಲೇ ನಡುವೆ ಬಾಯಿ ಹಾಕಿದಳು. "ಇತ್ತಲಲ್ಲಿ ಬಚ್ಚಲ ಒಲೆ ಅದೆಯಲ್ಲ, ಅದ್ರ ಒಗೆ. ಇವನ್ಗೆ ತಣ್ಣೀರು ಆಗಲ್ಲ ಕಣಪ್ಪ. ದಿನಾ ಒತ್ತಾರೆ ಒಂದ್ ಅಂಡೆ ನೀರು ಕಾಯ್ಸಬೇಕು. ಇವತ್ತೂ ಕಾಯ್ಸೇ ಬಂದೆ."

ಡಾಕ್ಟರು ನನ್ನ ಕಡೆ ನೋಡಿದರು. ನನ್ನ ತಲೆಗೂದಲು ಇನ್ನೂ ಆರಿರಲಿಲ್ಲ.